ಹೊಳೆಮಣ್ಣೂರಿನ ಹನ್ನೊಂದು ಹೆಂಗಸರು ಸುಮ್ಮನೆ ಕೂತಿರಲಿಲ್ಲ

ಮೂಲ ಆದಾಯ ಪ್ರಯೋಗದ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ವರದಿಯ ಮೂವತ್ತೆರಡನೇ ಪುಟದಲ್ಲಿ ಒಂದು ಸುಳ್ಳಿದೆ. ಅದನ್ನು ಬರೆದುಕೊಟ್ಟವಳು ನಾನೇ. ಪೀಠಿಕೆ ಇಲ್ಲದೆ ಶುರು ಮಾಡಿದ್ದಕ್ಕೆ ಕ್ಷಮೆ ಇರಲಿ. ಪೀಠಿಕೆ, ವಿಷಯ, ಉಲ್ಲೇಖ, ವಂದನೆ ಎಲ್ಲವನ್ನೂ ಕ್ರಮವಾಗಿ ಇಟ್ಟು ಬರೆದ ಎರಡು ಅರ್ಜಿಗಳು ಈಗಾಗಲೇ ನಿಮ್ಮ ಕಚೇರಿಗೆ ತಲುಪಿವೆ. ತಲುಪಿದ್ದಕ್ಕೆ ಮೊಹರು ಬಿದ್ದ ಪ್ರತಿ ನನ್ನ ಬಳಿ ಇದೆ, ಉತ್ತರ ಮಾತ್ರ ಇಲ್ಲ. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಅರ್ಜಿ ಓದದಿದ್ದರೂ ಬೆಳಗಿನ ಚಹಾದ ಜೊತೆ ಪತ್ರಿಕೆ ಓದುತ್ತೀರಿ ಎಂಬ ನಂಬಿಕೆ ನನಗಿದೆ.

ನಾನು ರೋಣ ತಾಲ್ಲೂಕಿನ ಹೊಳೆಮಣ್ಣೂರಿನವಳು. ಬಿ.ಎ. ಓದಿದ್ದೇನೆ. ನಿಮ್ಮ ಪ್ರಯೋಗದಲ್ಲಿ ತಿಂಗಳಿಗೆ ಒಂಬತ್ತು ಸಾವಿರ ಗೌರವಧನಕ್ಕೆ ಗಣತಿದಾರೆಯಾಗಿದ್ದೆ. ಪತ್ರಿಕೆ ಓದುವವರಿಗೆ ಗೊತ್ತಾಗಲಿ ಎಂದು ಪ್ರಯೋಗ ಏನೆಂದು ಹೇಳಿಬಿಡುತ್ತೇನೆ. ಬೇರೆ ಯೋಜನೆಗಳ ದುಡ್ಡು ಬರಲಿ ಬಾರದಿರಲಿ, ನಮ್ಮ ಊರಿನಲ್ಲಿ ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬರ ಖಾತೆಗೂ ತಿಂಗಳಿಗೆ ಸಾವಿರದ ಐನೂರು ರೂಪಾಯಿ ಹಾಕಿದರು. ಬಡವರು, ಇದ್ದವರು ಎಂಬ ಭೇದವಿಲ್ಲ. ಯಾವ ಷರತ್ತೂ ಇಲ್ಲ. ಹೀಗೆ ಹದಿನೆಂಟು ತಿಂಗಳು. ನರಗುಂದ ತಾಲ್ಲೂಕಿನ ಶಿರೋಳಕ್ಕೆ ಏನೂ ಕೊಡಲಿಲ್ಲ. ಕೊಟ್ಟ ಊರನ್ನು ಕೊಡದ ಊರಿನ ಜೊತೆ ಹೋಲಿಸಬೇಕಂತೆ. ದುಡ್ಡು ಸಿಕ್ಕರೆ ಜನ ಏನು ಮಾಡುತ್ತಾರೆ ಎಂದು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಟ್ಯಾಬಿನಲ್ಲಿ ತುಂಬುವುದು ನನ್ನ ಕೆಲಸವಾಗಿತ್ತು.

ಕಳೆದ ನವೆಂಬರಿಗೆ ಪ್ರಯೋಗ ಮುಗಿಯಿತು. ಫಲಿತಾಂಶ ಚೆನ್ನಾಗಿದ್ದರೆ ಮುಂದುವರಿಸುತ್ತೇವೆ ಎಂದು ಮೊದಲ ದಿನ ಶಾಲೆಯ ಅಂಗಳದಲ್ಲಿ ಮೈಕು ಹಿಡಿದು ಹೇಳಿದ್ದಿರಿ. ಜನವರಿಯಲ್ಲಿ ವರದಿ ಬಂತು. ಮುಂದುವರಿಸುವ ಅಗತ್ಯವಿಲ್ಲ ಎಂದು ಶಿಫಾರಸು ಮಾಡಿದ್ದೀರಿ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಇದು: "ಹೊಳೆಮಣ್ಣೂರಿನ ಹನ್ನೊಂದು ಕೂಲಿ ಮಹಿಳೆಯರು ಸತತ ಎಂಟು ತಿಂಗಳು ಒಂದು ದಿನವೂ ದುಡಿದಿಲ್ಲ. ದಾಖಲಾದ ಕಾರಣ: ಆಸಕ್ತಿ ಇಲ್ಲ. ಷರತ್ತಿಲ್ಲದ ಹಣವು ಶ್ರಮದ ಹಂಬಲವನ್ನು ಹೇಗೆ ಕುಗ್ಗಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ."

ಇದನ್ನು ಓದಿದ ದಿನ ನಾನು ಊಟ ಮಾಡಿದೆ, ಪಾತ್ರೆ ತೊಳೆದೆ, ಅವ್ವನ ಜೊತೆ ಕೂತು ಧಾರಾವಾಹಿ ನೋಡಿದೆ. ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಏನೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಪತ್ರದಲ್ಲಿ ಬಿಸಿ ಕಡಿಮೆ ಎನಿಸಿದರೆ ಅದು ತಮ್ಮ ಮೇಲಿನ ಗೌರವದಿಂದ ಎಂದು ಭಾವಿಸಬೇಡಿ. ಮನಸ್ಸು ಜೋಮು ಹಿಡಿದಿದೆ, ಅಷ್ಟೇ. ವರದಿಯ ಕೊನೆಯಲ್ಲಿ "ನಿಖರವಾಗಿ ಮಾಹಿತಿ ಸಂಗ್ರಹಿಸಿದ ಗಣತಿದಾರರಿಗೆ ಕೃತಜ್ಞತೆಗಳು" ಎಂದು ಬರೆದಿದ್ದೀರಿ. ನನಗೆ ಪ್ರಮಾಣಪತ್ರವನ್ನೂ ಕಳಿಸಿದ್ದೀರಿ. ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ.

ಈಗ ಆ ಹನ್ನೊಂದು ಹೆಂಗಸರು ಎಂಟು ತಿಂಗಳು ಏನು ಮಾಡುತ್ತಿದ್ದರು ಎಂದು ಹೇಳುತ್ತೇನೆ. ನಮ್ಮ ಊರು ಮಲಪ್ರಭೆಯ ದಂಡೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಹೊಳೆ ಉಕ್ಕಿ ಬಂದು ಹೋದ ಮೇಲೆ ಕೆಳಗಿನ ಓಣಿಯವರ ಹೊಲಗಳ ತುಂಬ ಬಳ್ಳಾರಿ ಜಾಲಿ ಎದ್ದಿತು. ಒಂದೊಂದು ಎಕರೆ, ಹೆಚ್ಚೆಂದರೆ ಒಂದೂವರೆ ಎಕರೆಯ ತುಂಡುಗಳು. ಜಾಲಿಯನ್ನು ಮೇಲೆ ಕಡಿದರೆ ಸಾಲದು, ಬೇರಿಗೆ ಹಾರೆ ಹಾಕಿ ಎಬ್ಬಿಸಬೇಕು. ಒಬ್ಬರಿಂದ ಆಗುವ ಮಾತಲ್ಲ. ಜೆಸಿಬಿ ಯಾಕೆ ತರಿಸಲಿಲ್ಲ ಎಂದು ತಾವು ಕೇಳಬಹುದು. ಅದಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆ. ಹೊಲ ಇದ್ದೂ ಇಲ್ಲದವರಾಗಿ ಆ ಹೆಂಗಸರು ಊರಿನ ದೊಡ್ಡ ಹಿಡುವಳಿದಾರರ ಹೊಲಕ್ಕೆ ದಿನಗೂಲಿಗೆ ಹೋಗುತ್ತಿದ್ದರು. ಆ ಹಿಡುವಳಿದಾರರಲ್ಲಿ ನನ್ನ ಅಪ್ಪನೂ ಒಬ್ಬ.

ಮುಯ್ಯಾಳು ಎಂಬ ಪದ್ಧತಿ ತಮಗೆ ಗೊತ್ತಿರಬಹುದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ. ರೊಟ್ಟಿಯನ್ನೂ ಅವರವರೇ ಕಟ್ಟಿಕೊಂಡು ಬರಬೇಕು. ಕೇಳಲು ಸುಲಭ. ಆದರೆ ಮುಯ್ಯಾಳಿಗೆ ಹೋಗಬೇಕಾದರೆ ಆ ಸಂಜೆಗೆ ಮನೆಯಲ್ಲಿ ಹಿಟ್ಟು ಇರಬೇಕು. ಸಂಜೆ ಬರುವ ಕೂಲಿಯಲ್ಲೇ ಹಿಟ್ಟು ತರುವವರು ಒಂದು ದಿನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಹೇಗೆ? ಹೀಗಾಗಿ ಕೆಳಗಿನ ಓಣಿಯಲ್ಲಿ ಮುಯ್ಯಾಳು ನಿಂತು ಎಷ್ಟೋ ವರ್ಷಗಳಾಗಿದ್ದವು. ನಿಮ್ಮ ಸಾವಿರದ ಐನೂರು ಬಂದ ಮೇಲೆ ಅದು ಮತ್ತೆ ಶುರುವಾಯಿತು. ಶುರು ಮಾಡಿದವಳು ಸಕ್ರವ್ವ.

ಸಕ್ರವ್ವನಿಗೆ ನಲವತ್ತರ ಹತ್ತಿರ ವಯಸ್ಸು. ಗಂಡ ದುರಗಪ್ಪ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಇದ್ದಾನೆ. ಮನೆಯಲ್ಲಿ ಅವಳು ಮತ್ತು ಅತ್ತೆ ಬಾಳವ್ವ. ಮೂರು ಜನರ ದುಡ್ಡು ಸೇರಿ ತಿಂಗಳಿಗೆ ನಾಲ್ಕೂವರೆ ಸಾವಿರ, ಮೇಲೆ ರೇಷನ್ ಅಕ್ಕಿ. ಮೊದಲ ಆರೇಳು ತಿಂಗಳು ಅವಳು ಎಂದಿನಂತೆ ಕೂಲಿಗೆ ಹೋದಳು. ದುಡ್ಡು ನಿಜವಾಗಿಯೂ ಪ್ರತಿ ತಿಂಗಳೂ ಬರುತ್ತದೆ ಎಂದು ನಂಬಲು ಅಷ್ಟು ಸಮಯ ಬೇಕಾಯಿತು. ಆಮೇಲೆ ಹತ್ತು ಹೆಂಗಸರನ್ನು ಕೂಡಿಸಿದಳು. ಜನವರಿಯಿಂದ ಮೇವರೆಗೆ ಹನ್ನೊಂದು ಜನ ಸೇರಿ ಏಳು ಹೊಲಗಳ ಜಾಲಿ ಕಿತ್ತರು. ಒಂದೊಂದು ಹೊಲಕ್ಕೆ ಸುಮಾರು ಇಪ್ಪತ್ತು ದಿನ. ಜೂನಿನಲ್ಲಿ ಆ ಹೊಲಗಳಿಗೆ ಹೆಸರುಕಾಳು ಬಿತ್ತಿದರು, ಜುಲೈಯಲ್ಲಿ ಕಳೆ ತೆಗೆದರು, ಆಗಸ್ಟಿನಲ್ಲಿ ಕಾಯಿ ಬಿಡಿಸಿದರು. ಎಲ್ಲವೂ ಮುಯ್ಯಾಳಿನಲ್ಲೇ. ಉಳಿದ ನಾಲ್ಕು ಹೊಲಗಳನ್ನು ಮುಂದಿನ ಜನವರಿಗೆ ಇಟ್ಟುಕೊಂಡರು. ಆಳು ಕೂಡಿಸಿದವರ ಹೊಲ ಕೊನೆಗೆ ಎಂಬುದು ರೂಢಿ. ಆದ್ದರಿಂದ ಸಕ್ರವ್ವನ ಒಂದು ಎಕರೆ ಹತ್ತು ಗುಂಟೆ ಎಲ್ಲರಿಗಿಂತ ಕೊನೆಯಲ್ಲಿತ್ತು.

ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ನಾನು ಟ್ಯಾಬ್ ಹಿಡಿದು ಹೋಗುವಾಗ ಅವರು ಮನೆಯಲ್ಲಿ ಸಿಗುತ್ತಿರಲಿಲ್ಲ. ಜಾಲಿಯ ನಡುವೆ ಹೋಗಿ, ಮುಳ್ಳು ನೋಡಿ ಕಾಲಿಟ್ಟು, ಅಲ್ಲೇ ನಿಂತು ಪ್ರಶ್ನೆ ಕೇಳುತ್ತಿದ್ದೆ. ಹೀಗಿತ್ತು ನಮ್ಮ ಸಂದರ್ಶನ.

"ಈ ತಿಂಗಳ ಎಷ್ಟ ದಿನ ಕೂಲಿಗೆ ಹೋಗಿದ್ರಿ, ಸಕ್ರವ್ವಕ್ಕ?"

ಸಕ್ರವ್ವ ಹಾರೆಯನ್ನು ನೆಲಕ್ಕೆ ಊರಿ ಬೆವರು ಒರೆಸಿಕೊಂಡಳು. "ಎಲ್ಲಿ ಹೋಗಿಲ್ರಿ ಅಕ್ಕಾರ."

"ಒಂದ ದಿನಾನೂ?"

"ಒಂದ ದಿನಾನೂ ಇಲ್ರಿ. ಸೊನ್ನಿ ಹಾಕ್ರಿ."

ನಾನು ಸೊನ್ನೆ ಹಾಕಿದೆ. ಅವಳು ಮತ್ತೆ ಹಾರೆ ಎತ್ತಿದಳು. ನಮ್ಮಿಬ್ಬರಲ್ಲಿ ಯಾರೂ ಅದರಲ್ಲಿ ವಿಚಿತ್ರ ಏನಾದರೂ ಇದೆ ಎಂದುಕೊಳ್ಳಲಿಲ್ಲ. ಅವಳು ಮುಯ್ಯಾಳಿನ ಲೆಕ್ಕ ಹೇಳಲಿಲ್ಲ, ಯಾಕೆಂದರೆ ನಮ್ಮಲ್ಲಿ ಮುಯ್ಯಾಳನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಯಾರು ಯಾರ ಹೊಲಕ್ಕೆ ಎಷ್ಟು ದಿನ ಬಂದರು ಎಂಬುದು ಬಂದವರಿಗೂ ಕರೆದವರಿಗೂ ನೆನಪಿರುತ್ತದೆ. ಮೂರನೆಯವರ ಮುಂದೆ ಹೇಳಿದರೆ ನಂಬಿಕೆ ಇಲ್ಲ ಎಂದಾಗುತ್ತದೆ. ಇದು ನನಗೂ ಗೊತ್ತು, ನಾನು ಅದೇ ಊರಿನಲ್ಲಿ ಹುಟ್ಟಿದವಳು. ಗೊತ್ತಿದ್ದೂ ಸೊನ್ನೆ ಹಾಕಿದೆ.

ಸೊನ್ನೆ ಹಾಕಿದ ಕೂಡಲೇ ತಮ್ಮ ಟ್ಯಾಬು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು: "ದುಡಿಯದಿರಲು ಕಾರಣ?" ಉತ್ತರಗಳು ಮೂರು. ಅನಾರೋಗ್ಯ. ಕೆಲಸ ಸಿಗಲಿಲ್ಲ. ಆಸಕ್ತಿ ಇಲ್ಲ. ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಎದುರಿಗೆ ಬೇರು ಕೀಳುತ್ತಿರುವವಳಿಗೆ ಅನಾರೋಗ್ಯ ಎಂದು ಬರೆಯಲಾಗದು. ಕೆಲಸ ಸಿಗಲಿಲ್ಲ ಎಂದರೆ ಅದೂ ಸುಳ್ಳು. ನನ್ನ ಅಪ್ಪನೇ ಆಳು ಬೇಕು ಎಂದು ದಿನಾ ಓಣಿಗೆ ಜನ ಕಳಿಸುತ್ತಿದ್ದ. ಉಳಿದದ್ದು ಒಂದೇ. ಒತ್ತಿದೆ. ಹನ್ನೊಂದು ಜನರಿಗೆ, ಎಂಟು ತಿಂಗಳು, ಎಂಬತ್ತೆಂಟು ಸಲ ಒತ್ತಿದೆ. ಎರಡನೇ ತಿಂಗಳು ನನಗೆ ಕಸಿವಿಸಿಯಾಗಿ ಗಜೇಂದ್ರಗಡಕ್ಕೆ ಹೋಗಿ ನಮ್ಮ ಮೇಲ್ವಿಚಾರಕರಾದ ನಜೀರಸಾಬರನ್ನು ಕೇಳಿದ್ದೆ. ಅವರು ಒಳ್ಳೆಯ ಮನುಷ್ಯರು. ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನೀವು ಹೇಳೂದು ಖರೇ ಐತಿ ಮೇಡಂ," ಎಂದರು. "ಆದ್ರ ಇದ್ರಾಗ ಅದಕ್ಕ ಜಾಗಾ ಇಲ್ಲ. ಮ್ಯಾಲಿನವ್ರಿಗೆ ಬರದ ಹಾಕ್ತೀನಿ. ಅಲ್ಲೀಮಟ ಇದ್ದದ್ದನ್ನ ಒತ್ರಿ."

ಅವರು ಬರೆದು ಹಾಕಿದರು. ಮೇಲಿನವರು ಓದಲಿಲ್ಲವೋ, ಓದಿ ನಕ್ಕರೋ ತಿಳಿಯದು. ನಾನು ಇದ್ದದ್ದನ್ನು ಒತ್ತುತ್ತಲೇ ಹೋದೆ. ನಾಲ್ಕನೇ ತಿಂಗಳ ಹೊತ್ತಿಗೆ ಕಸಿವಿಸಿಯೂ ನಿಂತುಹೋಗಿತ್ತು.

ಇನ್ನು ನನ್ನ ಅಪ್ಪ ಅಜ್ಜಪ್ಪನ ವಿಷಯ. ಅಪ್ಪನಿಗೆ ನಲವತ್ತು ಎಕರೆ ಜಮೀನಿದೆ. ಪ್ರಯೋಗ ಎಲ್ಲರಿಗೂ ಆದ್ದರಿಂದ ಅಪ್ಪನ ಖಾತೆಗೂ ಸಾವಿರದ ಐನೂರು ಬಂತು, ಬೇಡ ಎನ್ನಲಿಲ್ಲ. ಟ್ಯಾಬಿನಲ್ಲಿ ಅವನದು "ಸ್ವಂತ ಜಮೀನು ನಿರ್ವಹಣೆ" ಎಂಬ ವರ್ಗ. ಆ ವರ್ಗಕ್ಕೆ ಎಷ್ಟು ದಿನ ದುಡಿದಿರಿ ಎಂದು ಕೇಳುವ ಹಾಗೇ ಇಲ್ಲ. ಮೂವತ್ತು ಎಂದು ತಾನೇ ತುಂಬಿಕೊಳ್ಳುತ್ತದೆ. ಫೆಬ್ರವರಿಯಲ್ಲೂ ಮೂವತ್ತು. ಅಪ್ಪ ಬದುವಿನ ಬೇವಿನ ಮರದ ಕೆಳಗೆ ಕೂತು ಫೋನಿನಲ್ಲಿ ಪೇಟೆಯ ದರ ಕೇಳಿದ ದಿನವೂ ದುಡಿಮೆ, ಬೀಗರ ಮದುವೆಗೆ ಹೋದ ದಿನವೂ ದುಡಿಮೆ. ಸಕ್ರವ್ವ ಮೊದಲ ತಿಂಗಳು "ಕೂಲಿಕಾರ" ವರ್ಗಕ್ಕೆ ಬಿದ್ದವಳು, ಹದಿನೆಂಟು ತಿಂಗಳೂ ಅದೇ ವರ್ಗ. ಅವಳು ಕೂಲಿ ತಗೊಂಡರೆ ಮಾತ್ರ ದುಡಿದ ಹಾಗೆ. ಮಾನ್ಯರೇ, ಇದನ್ನು ಯೋಚಿಸಿದವರು ಯಾರು? ಅವರು ತಿಂಗಳಿಗೆ ಎಷ್ಟು ದಿನ ದುಡಿಯುತ್ತಾರೆ?

ಹಾಗೆಂದು ಅಪ್ಪನ ಮಾತನ್ನು ನಾನು ಮುಚ್ಚಿಡುವುದಿಲ್ಲ. ಪ್ರಯೋಗ ನಡೆದದ್ದೇ ಮೂಲ ಆದಾಯದ ಗುಣ ದೋಷ ಎರಡನ್ನೂ ತಿಳಿಯಲು. ಆಗಸ್ಟಿನಲ್ಲಿ ಅಪ್ಪನ ಹೊಲದ ಹೆಸರುಕಾಳು ಕಟಾವಿಗೆ ಬಂದಾಗ ಆಳು ಸಿಗಲಿಲ್ಲ. ಕೆಳಗಿನ ಓಣಿಯವರು ತಮ್ಮದೇ ಹೊಲದಲ್ಲಿದ್ದರು. ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಐದನೇ ದಿನ ಅಪ್ಪ ಒಂದು ಬೊಗಸೆ ಕಾಯಿ ತಂದು ನನ್ನ ಟ್ಯಾಬಿನ ಪಕ್ಕಕ್ಕೆ ಸುರಿದ. ಕಾಯಿಯ ಒಳಗೇ ಮೊಳಕೆ ಬಂದಿತ್ತು.

"ಎಲ್ಲಾರಿಗೂ ಬರ್ಕೊಂತಿಯಲ್ಲ ಯವ್ವಾ, ಇದನ್ನೂ ಬರ್ಕೊ," ಎಂದ. "ನಾ ಏನ್ ಅವ್ರಿಗೆ ರೊಕ್ಕಾ ಕೊಡಬ್ಯಾಡ್ರಿ ಅಂತ ಅಂದೇನಿ? ಮುನ್ನೂರ ಐವತ್ತ ಕೊಡ್ತೀನಂದ್ರೂ ಒಬ್ರೂ ಬರ್ಲಿಲ್ಲ. ಹಿಂಗಾದ್ರ ಒಕ್ಕಲುತನ ಹ್ಯಾಂಗ ಮಾಡೂದು?"

ಆ ಪ್ರಶ್ನೆಗೂ ಟ್ಯಾಬಿನಲ್ಲಿ ಜಾಗವಿರಲಿಲ್ಲ. ಅಪ್ಪನ ನಷ್ಟ ನಿಜ, ಅದನ್ನು ನಾನು ತಮಾಷೆ ಮಾಡಲಾರೆ. ದೋಷಗಳು ಇನ್ನೂ ಇವೆ. ಯಮನೂರ ಎಂಬುವನು ಹೆಂಡತಿಯ ಬ್ಯಾಂಕ್ ಕಾರ್ಡನ್ನೂ ತನ್ನ ಕಿಸೆಯಲ್ಲೇ ಇಟ್ಟುಕೊಂಡಿದ್ದ. ಅವಳ ದುಡ್ಡು ಅವಳ ಕೈಗೆ ಒಂದು ಸಲವೂ ಬರಲಿಲ್ಲ. ನರೇಗಲ್ಲಿನ ಸಂತೆಗೆ ಹೋಗುವ ಟಂಟಂ ಆಟೋ ಬಾಡಿಗೆ ಇಪ್ಪತ್ತರಿಂದ ಮೂವತ್ತಾಯಿತು, ಊರಿಗೆ ದುಡ್ಡು ಬಂದಿದೆ ಎಂದು ಗೊತ್ತಾದ ವಾರದಲ್ಲೇ. ದವಾಖಾನೆಯಲ್ಲಿ ಡಾಕ್ಟರು ಇಲ್ಲದಿದ್ದರೆ ಕೈಯಲ್ಲಿರುವ ದುಡ್ಡು ದೂರದ ಖಾಸಗಿ ದವಾಖಾನೆಗೆ ಹೋಗುತ್ತದೆ, ನಮ್ಮ ಊರಿನಲ್ಲಿ ಹೋಯಿತು. ಇಡೀ ರಾಜ್ಯಕ್ಕೆ ಕೊಡುವಷ್ಟು ಹಣ ಎಲ್ಲಿಂದ ತರುತ್ತೀರಿ ಎಂಬುದು ನನಗೂ ಬಗೆಹರಿದಿಲ್ಲ. ಬಾಳವ್ವ ಮೊದಲ ದಿನವೇ ಕೇಳಿದ್ದಳು, "ರೊಕ್ಕಾ ಕೊಟ್ಟು ಅಕ್ಕಿ ಕಸ್ಕೊಳ್ಳೂದಿಲ್ಲ ಹೌದಿಲ್ಲೋ?" ಎಂದು. ತಮ್ಮ ಸಮಿತಿಯ ಅರ್ಥಶಾಸ್ತ್ರಜ್ಞರು ನೂರು ಪುಟದಲ್ಲಿ ಕೇಳದ ಪ್ರಶ್ನೆ ಅದು. ದರ ಏರಿದರೆ ಸಾವಿರದ ಐನೂರು ಕರಗುತ್ತದೆ. ಅಕ್ಕಿ ಐದು ಕೆಜಿ ಇದ್ದದ್ದು ಐದು ಕೆಜಿಯೇ ಇರುತ್ತದೆ. ಇದನ್ನೆಲ್ಲ ವರದಿಯಲ್ಲಿ ಬರೆದು ಬೇಡ ಎಂದಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ, ಈ ಪತ್ರವನ್ನಂತೂ ಬರೆಯುತ್ತಿರಲಿಲ್ಲ. ತಾವು ಬರೆದದ್ದು ಹೆಂಗಸರು ಮೈಗಳ್ಳರಾದರು ಎಂದು.

ಬಾಳವ್ವನ ಹೆಸರು ಬಂತಲ್ಲ, ಅವಳ ಕುರ್ಚಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅವಳಿಗೆ ಮೊಣಕಾಲು ಹಿಡಿದುಕೊಂಡಿದೆ, ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಮೂರನೇ ತಿಂಗಳ ದುಡ್ಡಿನಲ್ಲಿ ನರೇಗಲ್ಲಿನ ಸಂತೆಯಿಂದ ಕೈ ಇರುವ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡಳು. ಅದರಲ್ಲಿ ಕೂತು ಕೈ ಊರಿ ತಾನೇ ಏಳುತ್ತಿದ್ದಳು. ತಮ್ಮ ವರದಿಯ ನಲವತ್ತನೇ ಪುಟದಲ್ಲಿ "ಅನುತ್ಪಾದಕ ವೆಚ್ಚ" ಎಂಬ ಪಟ್ಟಿ ಇದೆ. ಅದರಲ್ಲಿ "ಪೀಠೋಪಕರಣ" ಎಂದಿದೆಯಲ್ಲ, ಅದು ಈ ಕುರ್ಚಿ. ಇಡೀ ಕೆಳಗಿನ ಓಣಿಯಲ್ಲಿ ಬೇರೆ ಯಾರೂ ಪೀಠೋಪಕರಣ ಕೊಂಡಿಲ್ಲ. ಅಧ್ಯಕ್ಷರ ಕುರ್ಚಿಯಿಂದ ಎಷ್ಟು ಉತ್ಪಾದನೆಯಾಗಿದೆ ಎಂದು ಕೇಳುವಷ್ಟು ಸೊಕ್ಕು ನನಗಿಲ್ಲ.

ಗುಣದ ಮಾತಿಗೆ ಬಂದರೆ ನಾನು ಒಂದನ್ನೇ ಹೇಳುತ್ತೇನೆ. ನಮ್ಮ ಮನೆಯಿಂದ ಬಸ್ಯಾ ಎಂಬ ಆಳು ನಸುಕಿಗೆ ಎದ್ದು ಓಣಿಗೆ ಹೋಗಿ ಹೆಂಗಸರನ್ನು ಕೂಲಿಗೆ ಕರೆಯುತ್ತಾನೆ. ಬಾ ಎಂದರೆ ಬರಬೇಕು; ಜ್ವರ ಇದ್ದರೂ ಬರುತ್ತಿದ್ದರು, ಇವತ್ತು ಒಲ್ಲೆ ಎಂದರೆ ನಾಳೆ ಕರೆಯುವುದಿಲ್ಲ ಎಂಬ ಹೆದರಿಕೆ. ಮುಯ್ಯಾಳು ಶುರುವಾದ ಆ ಜನವರಿಯ ಒಂದು ಮುಂಜಾನೆ ಬಸ್ಯಾ ಬರಿಗೈಯಲ್ಲಿ ಬಂದ. ಅಪ್ಪ ಯಾಕೆ ಎಂದು ಕೇಳಿದ.

"ಸಕ್ರವ್ವ ಆಗೂದಿಲ್ಲ ಅಂದ್ಳ್ರಿ."

"ಯಾಕಂತ?"

"ಯಾಕಂತ ಹೇಳ್ಲಿಲ್ರಿ. ಆಗೂದಿಲ್ಲ, ಅಷ್ಟ ಅಂದ್ಳ್ರಿ."

ಅಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ಆ ವಾರ ಕೂಲಿ ಇನ್ನೂರ ಐವತ್ತರಿಂದ ಮುನ್ನೂರಾಯಿತು, ಆಮೇಲೆ ಮುನ್ನೂರ ಐವತ್ತಾಯಿತು. ಮೂಲ ಆದಾಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮುಂಜಾನೆ. ನಾನು ಆಗ ಮನಸ್ಸಿನಲ್ಲೇ ಖುಷಿಪಟ್ಟಿದ್ದೆ, ಅಪ್ಪನ ಮಗಳಾಗಿಯೂ. ಖುಷಿಪಟ್ಟದ್ದು ನೆನಪಿದೆ. ಈಗ ಆ ಖುಷಿ ಹೇಗಿತ್ತು ಎಂಬುದು ಮಾತ್ರ ನೆನಪಾಗುತ್ತಿಲ್ಲ.

ನವೆಂಬರಿನಲ್ಲಿ ದುಡ್ಡು ನಿಂತಿತು. ಕೂಲಿ ಇನ್ನೂರ ಎಂಬತ್ತಕ್ಕೆ ಇಳಿಯಿತು. ಬಸ್ಯಾ ಮತ್ತೆ ನಸುಕಿಗೆ ಹೋಗತೊಡಗಿದ, ಹನ್ನೊಂದು ಹೆಂಗಸರೂ ಮತ್ತೆ ಬರತೊಡಗಿದರು. ಜನವರಿಯಲ್ಲಿ ಉಳಿದ ನಾಲ್ಕು ಹೊಲಗಳ ಜಾಲಿ ಕೀಳಬೇಕಿತ್ತು, ಆದರೆ ಯಾರಿಗೂ ಒಂದು ದಿನ ಬಿಡಲು ಆಗಲಿಲ್ಲ. ಸಕ್ರವ್ವ ಬೇರೆಯವರ ಹೊಲಗಳಲ್ಲಿ ಎಷ್ಟು ದಿನ ಬೇರು ಕಿತ್ತಳೋ, ಅದರಲ್ಲಿ ಒಂದು ದಿನವೂ ಅವಳಿಗೆ ತಿರುಗಿ ಬಂದಿಲ್ಲ. ಮೊದಲು ಹಸನಾದದ್ದು ಅನ್ನಪೂರ್ಣೇಶ್ವರಿ ಎಂಬುವಳ ಹೊಲ. ಈ ಸಲ ಅವಳು ಕಡಲೆಯನ್ನೂ ಬೆಳೆದಳು. ಈಗ ಅವಳು ಸಕ್ರವ್ವ ನಳಕ್ಕೆ ಬರುವ ಹೊತ್ತು ನೋಡಿಕೊಂಡು ತಾನು ಬೇರೆ ಹೊತ್ತಿಗೆ ಕೊಡ ತರುತ್ತಾಳೆ. ನಮ್ಮ ಊರಿನಲ್ಲಿ ಜನ ಬ್ಯಾಂಕಿನ ಬಾಕಿಗೆ ಇಷ್ಟು ನಾಚುವುದಿಲ್ಲ, ಮುಯ್ಯಾಳು ತೀರಿಸದಿದ್ದರೆ ತಲೆ ಎತ್ತುವುದಿಲ್ಲ.

ವರದಿ ಬಂದ ಮೇಲೆ ತಮ್ಮ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಮಾಹಿತಿಯಲ್ಲಿ ತಪ್ಪಿದ್ದರೆ ಸಂಬಂಧಪಟ್ಟವರು ಯಾವ ದಿನ, ಯಾರಲ್ಲಿ, ಎಷ್ಟು ದಿನ ದುಡಿದರು ಎಂದು ವಿವರವಾಗಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಕೊಡಬಹುದು. ಪರಿಶೀಲಿಸಿ ಪ್ರಯೋಗವನ್ನು ಮರುಪರಿಗಣಿಸಲಾಗುವುದು. ನಾನು ಹಾಳೆ, ಪೆನ್ನು, ಇಂಕಿನ ಪ್ಯಾಡು ತೆಗೆದುಕೊಂಡು ಸಕ್ರವ್ವನ ಮನೆಗೆ ಹೋದೆ. ಬಾಳವ್ವ ತನ್ನ ಕುರ್ಚಿಯಲ್ಲಿದ್ದಳು. ಸಕ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ವರದಿಯಲ್ಲಿ ಏನಿದೆ ಎಂದು ಓದಿ ಹೇಳಿದೆ. ಸೊನ್ನೆ ಬರೆದವಳು ನಾನೇ ಎಂದೂ ಹೇಳಿದೆ.

"ನಾನ ಹಾಕ್ರಿ ಅಂದಿದ್ನಲ್ರಿ," ಎಂದಳು.

"ಆಸಕ್ತಿ ಇಲ್ಲ ಅಂತ ಒತ್ತಿದ್ದು ನಾನು, ಸಕ್ರವ್ವಕ್ಕ."

ಅವಳು ರೊಟ್ಟಿ ತಿರುವಿ ಹಾಕಿದಳು.

"ಈಗ ನೀವು ಯಾರ್ಯಾರ ಹೊಲಕ್ಕ ಎಷ್ಟೆಷ್ಟ ದಿನ ಹೋಗಿದ್ರಿ ಅಂತ ಹೇಳಿದ್ರ ಸಾಕು. ನಾ ಬರ್ಕೊಂತೀನಿ. ನೀವು ಹೆಬ್ಬಟ್ಟ ಒತ್ರಿ. ರೊಕ್ಕಾ ಮತ್ತ ಚಾಲೂ ಆಗಬಹುದು."

"ಮುಯ್ಯಾಳ ಎಣಿಸಬಾರ್ದ್ರಿ ಅಕ್ಕಾರ."

"ಎಣಿಸದಿದ್ರ ಕೊಡೂದಿಲ್ಲ ಅಂತಾರ."

ಸಕ್ರವ್ವ ಕೈಯ ಹಿಟ್ಟು ಕೊಡವಿ ನನ್ನ ಕಡೆ ತಿರುಗಿ ಕೂತಳು. "ನೋಡ್ರಿ, ನಾ ಹೇಳಿದೆ ಅನ್ಕೋರಿ. ಅನ್ನಪೂರ್ಣಿ ಹೊಲಕ್ಕ ಇಷ್ಟ ದಿನ ಹೋಗಿದ್ದೆ ಅಂತ ನೀವು ಬರದ್ರಿ. ಅದು ಸರಕಾರಕ್ಕ ಹೋತು. ನಾಳೆ ಅಕಿ ಸರಕಾರದ ಕಾಗದದಾಗ ನನ್ನ ಬಾಕಿದಾಕಿ ಆಗ್ತಾಳ. ಈಗ ಅದು ಅಕಿ ಮನಸ್ಸಿಗಿ ಗೊತ್ತೈತಿ, ನನ್ನ ಮನಸ್ಸಿಗಿ ಗೊತ್ತೈತಿ. ಅಕಿ ಯಾವಾಗರೆ ತೀರಸ್ತಾಳ. ಕಾಗದದಾಗ ಬಂದ ಮ್ಯಾಲ ಅಕಿ ನನ್ನ ಕೂಡ ಮಾತಾಡ್ತಾಳೇನ್ರಿ?"

"ಈಗೂ ಮಾತಾಡೂದಿಲ್ಲಲ್ಲ."

"ಈಗ ನಾಚಿಕಿಗಿ ಮಾತಾಡೂದಿಲ್ಲ. ಆಮ್ಯಾಲ ಸಿಟ್ಟಿಗಿ ಮಾತಾಡೂದಿಲ್ಲ. ಅದು ಬ್ಯಾರೆ, ಇದು ಬ್ಯಾರೆ." ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ರೊಟ್ಟಿ ಉಂಡ ಹೋಗ್ರಿ."

ನಾನು ರೊಟ್ಟಿ ಉಂಡು ಬಂದೆ. ಉಳಿದ ಹತ್ತು ಮನೆಗಳಿಗೂ ಹೋದೆ. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ತಾವು ಇದನ್ನು ಅಜ್ಞಾನ ಎನ್ನುತ್ತೀರೋ, ಹಟ ಎನ್ನುತ್ತೀರೋ ತಿಳಿಯದು. ನೆರೆಯವಳನ್ನು ಬಾಕಿದಾರಳೆಂದು ಬರೆ, ಆಮೇಲೆ ನೀನು ಮೈಗಳ್ಳಿಯಲ್ಲ ಎಂದು ನಂಬುತ್ತೇನೆ ಎನ್ನುವ ಕಚೇರಿಗೆ ಏನೆನ್ನಬೇಕು ಎಂಬುದೂ ನನಗೆ ತಿಳಿದಿಲ್ಲ.

ಕಳೆದ ವಾರ ಅಪ್ಪ ಸಕ್ರವ್ವನನ್ನು ಮನೆಗೆ ಕರೆಸಿದ್ದ. ಹೊಲವನ್ನು ಐದು ವರ್ಷ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಿದ. ವರ್ಷಕ್ಕೆ ನಾಲ್ಕು ಸಾವಿರ.

"ಜಾಲಿ ಬೆಳಸಿ ಏನ್ ಮಾಡ್ತಿ? ನಾ ಜೆಸಿಬಿ ಹಚ್ಚಿ ಹಸನ ಮಾಡಸ್ತೀನಿ. ನೀನೂ ಅಲ್ಲೇ ದಗದಕ್ಕ ಬಾ. ನಿನಗೂ ಚಲೋ, ನನಗೂ ಚಲೋ."

ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನ ಲೆಕ್ಕದಲ್ಲಿ ಅದು ಉಪಕಾರ. ಸಕ್ರವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಯುಗಾದಿವರೆಗೆ ಟೈಮು ಕೊಡ್ರಿ ಎಂದು ಹೇಳಿ ಹೋದಳು. ಯಾಕೆಂದರೆ ಈ ಬಾರಿ ಆಗುವುದಿಲ್ಲ ಎಂದರೆ ಮರುದಿನ ಬಸ್ಯಾ ಅವಳ ಬಾಗಿಲಿಗೆ ಹೋಗುವುದಿಲ್ಲ.

ಮರುದಿನ ಅಮಾವಾಸ್ಯೆ, ಕೂಲಿಗೆ ರಜೆ. ಸಕ್ರವ್ವ ಒಬ್ಬಳೇ ತನ್ನ ಹೊಲಕ್ಕೆ ಹೋಗಿ ಜಾಲಿ ಕಡಿಯುತ್ತಿದ್ದಾಳೆ ಎಂದು ಕೇಳಿ ನಾನೂ ಮನೆಯ ಕೊಡಲಿ ಹಿಡಿದು ಹೋದೆ. ನಾನು ಹುಟ್ಟಿ ಇಪ್ಪತ್ತಾರು ವರ್ಷದಲ್ಲಿ ಕೊಡಲಿ ಹಿಡಿದದ್ದು ಅದೇ ಮೊದಲು. ಒಂದು ಗಿಡಕ್ಕೆ ಎರಡು ಏಟು ಹಾಕುವಷ್ಟರಲ್ಲಿ ಸಕ್ರವ್ವ ಬಂದು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ."

"ಒಂದ ದಿನಾ ಮಾಡ್ತೀನಿ ಬಿಡ್ರಿ. ನನ್ನಿಂದ ಆದ ತಪ್ಪ ಐತಿ."

"ಹಂಗಲ್ರಿ. ನಿಮ್ಮ ಮುಯ್ಯಿ ನಾ ಎಲ್ಲಿ ತೀರಸ್ಲಿ? ನಿಮ್ಮ ಹೊಲಕ್ಕ ಬರಬೇಕಾಗ್ತೈತಿ. ಅಲ್ಲಿ ನಾ ದಿನಾ ಬರ್ತೀನಲ್ರಿ."

ಕೊಡಲಿಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿ ಬದುವಿನ ಮೇಲೆ ಇಟ್ಟಳು. ಅವಳು ಸಂಜೆಯವರೆಗೆ ಒಬ್ಬಳೇ ಕಡಿದಳು, ನಾನು ಬದುವಿನ ಮೇಲೆ ಕೂತು ನೋಡಿದೆ. ಐದು ಗಿಡ ಬಿದ್ದವು. ಹೊಲದಲ್ಲಿ ಇನ್ನೂ ನಾನೂರಕ್ಕೆ ಕಡಿಮೆ ಇಲ್ಲ.

ಮಾನ್ಯರೇ, ಈಗ ನನ್ನ ಬೇಡಿಕೆ. ಆ ಹನ್ನೊಂದು ಹೆಂಗಸರಿಂದ ಹೆಬ್ಬೆಟ್ಟು ಕೇಳಬೇಡಿ. ಅವರ ಹೆಸರಿನ ಮುಂದೆ ಎಂಬತ್ತೆಂಟು ಸಲ ಸೊನ್ನೆ ಹಾಕಿದ್ದು, "ಆಸಕ್ತಿ ಇಲ್ಲ" ಎಂದು ಒತ್ತಿದ್ದು ಸುಳ್ಳು ಎಂದು ನಾನು ಸಹಿ ಮಾಡಿ ಹೇಳುತ್ತಿದ್ದೇನೆ. ನನ್ನ ನಿಖರತೆಯನ್ನು ತಾವೇ ಪ್ರಮಾಣಪತ್ರ ಕೊಟ್ಟು ಒಪ್ಪಿದ್ದೀರಿ. ಬೇಕಾದರೆ ಆ ಪ್ರಮಾಣಪತ್ರ ವಾಪಸು ತೆಗೆದುಕೊಳ್ಳಿ, ಪಡೆದ ಗೌರವಧನವನ್ನೂ ವಸೂಲು ಮಾಡಿ. ಮೂವತ್ತೆರಡನೇ ಪುಟವನ್ನು ರದ್ದು ಮಾಡಿ. ಬಂದು ಆ ಏಳು ಹೊಲಗಳನ್ನು ಕಣ್ಣಾರೆ ನೋಡಿ; ಯಾರನ್ನೂ ಏನೂ ಕೇಳಬೇಕಿಲ್ಲ, ಪಕ್ಕದ ನಾಲ್ಕು ಹೊಲಗಳ ಜಾಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನೋಡಿದ ಮೇಲೂ ಮೂಲ ಆದಾಯ ಬೇಡವೆನಿಸಿದರೆ ಬೇಡ ಎನ್ನಿ, ಅಪ್ಪನ ಮೊಳಕೆ ಬಂದ ಹೆಸರುಕಾಳಿನ ಕಾರಣ ಕೊಟ್ಟು ಬೇಡ ಎನ್ನಿ, ಖಜಾನೆಯಲ್ಲಿ ಹಣವಿಲ್ಲ ಎಂದು ಬೇಡ ಎನ್ನಿ. ಅವರ ಮೈಗಳ್ಳತನದ ಕಾರಣ ಕೊಡಬೇಡಿ. ನಿರ್ಧಾರ ಆಗುವವರೆಗೆ ನಿಂತ ದುಡ್ಡನ್ನು ಯುಗಾದಿಯ ಒಳಗೆ ಮತ್ತೆ ಹಾಕಿ.

ಯುಗಾದಿಗೆ ಮೂರು ವಾರ ಉಳಿದಿದೆ. ತಾವು ಬರದಿದ್ದರೆ ಆ ಹೊಲ ಲಾವಣಿಗೆ ನಮ್ಮ ಮನೆಗೆ ಬರುತ್ತದೆ, ಜೆಸಿಬಿ ಒಂದೇ ದಿನದಲ್ಲಿ ಅದನ್ನು ಹಸನು ಮಾಡುತ್ತದೆ, ಸಕ್ರವ್ವ ತನ್ನದೇ ಹೊಲಕ್ಕೆ ಇನ್ನೂರ ಎಂಬತ್ತು ರೂಪಾಯಿಯ ಕೂಲಿಗೆ ಬರುತ್ತಾಳೆ. ಮುಂದಿನ ಗಣತಿಯಲ್ಲಿ ಅವಳ ಹೆಸರಿನ ಮುಂದೆ ತಿಂಗಳಿಗೆ ಇಪ್ಪತ್ತು ದಿನ ದುಡಿಮೆ ಎಂದು ದಾಖಲಾಗುತ್ತದೆ. ತಮ್ಮ ವರದಿಯ ಪ್ರಕಾರ ಅದು ಸುಧಾರಣೆ.

ಇಂತಿ,
ಎಲ್ಲ ಕಾಲಂಗಳನ್ನೂ ತಪ್ಪದೆ ತುಂಬಿದ,
ಶ್ವೇತಾ ಅಜ್ಜಪ್ಪ
ಮಾಜಿ ಗಣತಿದಾರೆ, ಹೊಳೆಮಣ್ಣೂರ